ಐದು ಜನರ ಮನೆಯಲ್ಲಿ ಒಬ್ಬಂಟಿ

ಕುಕ್ಕರಿನಲ್ಲಿದ್ದ ಬೇಳೆಯನ್ನು ಆ ಮನೆಯ ತಾಯಿ ಬೆಳಗ್ಗೆ ಎದ್ದವಳೇ ಬೇಯಿಸಿ, ಒಗ್ಗರಣೆ ಹಾಕಿ, ಮುಚ್ಚಿಟ್ಟಿದ್ದಳು. ಅದನ್ನು ಅವನು ಈಗ ಸೌಟಿನಿಂದ ತಿರುಗಿಸುತ್ತಿದ್ದ. ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನಿನಲ್ಲಿ ಅವನ ಮುಖವೂ ಪಾತ್ರೆಯೂ ಸರಿಯಾಗಿ ಕಾಣುತ್ತಿದ್ದವು. ಕ್ರಾಪನ್ನು ಬೇಕೆಂದೇ ಕೆದರಿಕೊಂಡಿದ್ದ. ಕಷ್ಟಪಡುವ ಹುಡುಗನ ತಲೆ ಹಾಗಿರಬೇಕೆಂದು ಅವನ ಎಣಿಕೆ.

“ನಮಸ್ಕಾರ ಗೆಳೆಯರೇ. ಪರದೇಶದಲ್ಲಿ ಒಬ್ಬನೇ ಇದ್ದಾಗ್ಲೇ ಗೊತ್ತಾಗೋದು, ಒಂದು ಹೊತ್ತಿನ ಊಟದ ಬೆಲೆ ಏನು ಅಂತ. ಕಾಲೇಜಿಗೆ ಹೋಗೋಕೆ ಮುಂಚೆ ಎದ್ದು ಬೇಳೆ ಮಾಡಿದೀನಿ. ಉಪ್ಪು ಒಂಚೂರು ಜಾಸ್ತಿ ಆಯ್ತೇನೋ.”

ಫ್ರಿಜ್ಜಿನ ಆಚೆ, ಫೋನಿಗೆ ಕಾಣದ ಮೂಲೆಯಲ್ಲಿ, ತಾಯಿ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ವಿಡಿಯೋ ನಡೆಯುವಾಗ ಯಾರೂ ಓಡಾಡಬಾರದು, ನಲ್ಲಿ ಬಿಡಬಾರದು, ಕೆಮ್ಮಬಾರದು. ಹೋಟೆಲಿನ ಲಾಂಡ್ರಿಯಲ್ಲಿ ಅವಳ ಪಾಳಿ ಶುರುವಾಗುವ ಹೊತ್ತಾಗಿತ್ತು. ಅಲ್ಲಿ ದಿನವಿಡೀ ಪರರು ಮಲಗಿದ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ.

“ಉಪ್ಪು ಜಾಸ್ತಿ ಆಗಿಲ್ಲ,” ಎಂದಳು.

ಅವನು ಫೋನು ನಿಲ್ಲಿಸಿದ. “ಅತ್ತೆ, ಹಾಳಾಯ್ತು ನೋಡಿ. ಮತ್ತೆ ಮೊದಲಿಂದ ಮಾಡ್ಬೇಕು.”

“ಬೇಳೇನಾ?”

“ವಿಡಿಯೋ.”

ಅವನು ಈ ಮನೆಯ ಯಜಮಾನನ ಅಕ್ಕನ ಮಗ. ಯಜಮಾನ ಶಾಲೆಯ ಬಸ್ಸು ಓಡಿಸುವ ಡ್ರೈವರ್. ಬಹಳ ವರ್ಷಗಳ ಹಿಂದೆಯೇ ಹೆಂಡತಿಯನ್ನೂ ತನ್ನ ಹೆತ್ತವಳನ್ನೂ ಕರೆದುಕೊಂಡು ಈ ದೇಶಕ್ಕೆ ಬಂದವನು. ಓದಲು ಬಂದ ಅಳಿಯ ಎರಡು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ, ಹಾಸ್ಟೆಲಿನಲ್ಲಿ ರೂಮು ಸಿಗುವವರೆಗೆ ಹದಿನೈದು ದಿನ ಮಾತ್ರ ಎಂದಿದ್ದ. ಹಾಸ್ಟೆಲಿನವರು ರೂಮು ಕೊಟ್ಟರು. ಅಲ್ಲಿ ಹೋಗಿ ನೋಡಿ ಬಂದು, “ಅಡುಗೆಮನೆ ಎಲ್ಲರಿಗೂ ಒಂದೇ ಅಂತೆ ಮಾವ. ಬಟ್ಟೆ ನಾವೇ ಒಗೀಬೇಕಂತೆ,” ಎಂದ, ಜೈಲು ನೋಡಿ ಬಂದವನ ದನಿಯಲ್ಲಿ. ಡ್ರೈವರ್ ಕರಗಿದ. ಅವನು ಕರಗುವುದಕ್ಕೆ ಬಿಸಿಯೂ ಬೇಕಿರಲಿಲ್ಲ, ಅಕ್ಕನ ಹೆಸರಿದ್ದರೆ ಸಾಕು. ಹದಿನೈದು ದಿನ ಹೋಗಿ ಎರಡನೆಯ ಸೆಮಿಸ್ಟರ್ ಬಂದಿತ್ತು.

ಅವನ ಚಾನೆಲ್ಲಿನ ಹೆಸರು ‘ಒಬ್ಬಂಟಿ ವಿದ್ಯಾರ್ಥಿ’. ಅದು ಗೊತ್ತಾದ ದಿನದಿಂದ ಡ್ರೈವರನ ಮಗಳು ಅವನನ್ನು ಒಬ್ಬಂಟಿ ಎಂದೇ ಕರೆಯುತ್ತಿದ್ದಳು. ಮೊದಲು ಬೆನ್ನ ಹಿಂದೆ, ಆಮೇಲೆ ಮುಖಕ್ಕೇ. “ಒಬ್ಬಂಟಿ, ಟವೆಲ್ ತೆಗಿ, ಹಾಸಿಗೆ ಮೇಲೆ ಒದ್ದೆ ಟವೆಲ್ ಹಾಕ್ಬೇಡ ಅಂತ ಎಷ್ಟು ಸಲ ಹೇಳೋದು.” ಹಾಸಿಗೆ ಅವಳದು. ರೂಮೂ ಅವಳದು. ಅವಳು ಈಗ ಹಾಲಿನಲ್ಲಿ ಅಜ್ಜಿಯ ಪಕ್ಕ ಚಾಪೆಯ ಮೇಲೆ ಮಲಗುತ್ತಿದ್ದಳು.

ರೂಮಿಗಿಂತ ಅವಳಿಗೆ ಬೇಕಾಗಿದ್ದು ಅದರೊಳಗಿನ ಕನ್ನಡಿ. ಸಲೂನೊಂದರಲ್ಲಿ ಕೂದಲು ಕತ್ತರಿಸುವ ಕೆಲಸ ಕಲಿಯುತ್ತಿದ್ದಳು. ಮುಂದಿನ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ. ಪಾಸಾದರೆ ಅದೇ ಸಲೂನಿನಲ್ಲಿ ಅವಳದೇ ಕುರ್ಚಿ, ಖಾಯಂ ಕೆಲಸ. ಫೇಲಾದರೆ ಮತ್ತೊಂದು ವರ್ಷ ನೆಲ ಗುಡಿಸಿ, ಗಿರಾಕಿಗಳ ತಲೆ ತೊಳೆಯುವುದು. ಇದಕ್ಕೆಂದೇ ಡ್ರೈವರ್ ಅವಳ ರೂಮಿನ ಗೋಡೆಗೆ ದೊಡ್ಡ ಕನ್ನಡಿ ಬಿಗಿಸಿ, ಕೆಳಗೆ ಮೇಜು ಹಾಕಿಕೊಟ್ಟಿದ್ದ. ಆ ಮೇಜಿಗೆ ಬೊಂಬೆ ತಲೆ ಸಿಕ್ಕಿಸಿ, ಕನ್ನಡಿಯಲ್ಲಿ ತನ್ನ ಕೈ ನೋಡಿಕೊಂಡು ಕತ್ತರಿಸಬೇಕು. ಈಗ ಆ ಮೇಜಿನ ಮೇಲೆ ಒಬ್ಬಂಟಿಯ ದೀಪಗಳಿದ್ದವು. ಬೊಂಬೆ ತಲೆಗಳು ಊಟದ ಮೇಜಿನ ಕೆಳಗೆ ಸಾಲಾಗಿ ಕೂತು ಎಲ್ಲರ ಪಾದಗಳನ್ನು ನೋಡುತ್ತಿದ್ದವು.

ಅಜ್ಜಿಯ ಕಥೆಯೇ ಬೇರೆ. ಸಂಜೆಯಾದರೆ ಹಾಲಿನ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಮೊಮ್ಮಗನ ವಿಡಿಯೋ ನೋಡುತ್ತಿದ್ದಳು. ಮೊಮ್ಮಗ ಪಕ್ಕದ ರೂಮಿನಲ್ಲೇ ಮಲಗಿರುತ್ತಿದ್ದ. ಫೋನಿನಲ್ಲಿ ಅವನು ಬಕೆಟ್ಟಿಗೆ ಅಂಗಿ ಅದ್ದಿ ಕಾಲರು ಉಜ್ಜುತ್ತಿದ್ದರೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಪಾಪದ್ದು, ಒಂದೇ ಜೀವ. ಎಷ್ಟೂಂತ ಮಾಡುತ್ತೆ?”

“ಅಜ್ಜಿ, ಆ ಅಂಗಿ ಬೆಳಗ್ಗೆ ಮಡಚಿಟ್ಟಿದ್ದು ನೀನೇ,” ಎಂದಳು ಮೊಮ್ಮಗಳು.

“ಹೌದಾ? ಇರ್ಬೋದು. ಆದ್ರೂ ನೋಡು ಹೆಂಗೆ ತಿಕ್ಕುತ್ತೆ.”

ಎದುರಿಗಿದ್ದುದಕ್ಕಿಂತ ಫೋನಿನಲ್ಲಿದ್ದುದೇ ಅಜ್ಜಿಗೆ ಹೆಚ್ಚು ನಂಬಿಕೆ. ಅವಳ ಹಿಂದೆ ನಿಂತು ಮೊಮ್ಮಗಳು ಅವಳ ಉದ್ದನೆಯ ಬಿಳಿ ಜಡೆ ಬಿಚ್ಚಿ, ಬಾಚಿ, ಭಾಗ ಮಾಡಿ, ಕ್ಲಿಪ್ಪು ಹಾಕಿ ಅಭ್ಯಾಸ ಮಾಡುತ್ತಿದ್ದಳು. ಅಜ್ಜಿಯ ಷರತ್ತು ಒಂದೇ: “ಬಾಚು, ಹೆಣಿ, ಏನಾದ್ರೂ ಮಾಡ್ಕೋ. ಕತ್ತರಿ ಮಾತ್ರ ತರ್ಬೇಡ. ಹುಟ್ಟಿದಾಗಿಂದ ಈ ತಲೆ ಕತ್ತರಿ ಕಂಡಿಲ್ಲ.”

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಊರಿನಿಂದ ಡ್ರೈವರನ ಅಕ್ಕ ಫೋನು ಮಾಡಿದಳು. ಕೈಯೆಂಜಲಾಗಿದ್ದರಿಂದ ಅವನು ಸ್ಪೀಕರಿಗೆ ಹಾಕಿದ.

“ಏನೋ, ನಿನಗೆ ಅಕ್ಕ ಅನ್ನೋಳು ಒಬ್ಬಳಿದ್ದಾಳೆ ಅಂತ ನೆನಪಿದೆಯೇನೋ? ನನ್ನ ಮಗ ನಿಮ್ಮನೆ ಬಿಟ್ಟು ಬೇರೆ ಮನೆ ಮಾಡಿ ಇಷ್ಟು ತಿಂಗಳಾಯ್ತು. ಒಂದು ದಿನ ಆದ್ರೂ ಊಟಕ್ಕೆ ಕರೆದ್ರಾ?”

ಮೇಜಿನ ಸುತ್ತ ಕೈಗಳು ನಿಂತವು. ಒಬ್ಬಂಟಿಯ ಕೈ ಮಾತ್ರ ಪಲ್ಯದ ಬಟ್ಟಲಿನಲ್ಲಿತ್ತು. ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ. ಅವನು ಮಾವನತ್ತ ನೋಡಿ, ಬೇಡ ಬೇಡ ಎಂದು ತಲೆಯಾಡಿಸಿದ.

“ಬೇರೆ ಮನೆ...” ಎಂದ ಡ್ರೈವರ್.

“ಹೂಂ, ಬಾಡಿಗೆ ಎಷ್ಟು ಗೊತ್ತಾ? ನಾವು ಇಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಕಳಿಸ್ತಾ ಇದೀವಿ. ವಿಡಿಯೋ ನೋಡಿದ್ರೆ ಕರುಳು ಕಿವುಚುತ್ತೆ. ನಿನ್ನ ಹೆಂಡ್ತಿಗೆ ಹೇಳು, ಒಂದು ಡಬ್ಬಿ ಪಲ್ಯ ಕಳಿಸಿದ್ರೆ ಗಂಟು ಕರಗಲ್ಲ ಅಂತ.”

ತಾಯಿ ಗಂಡನ ಮುಖವನ್ನೇ ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಡ್ರೈವರ್ ನೀರು ಕುಡಿದ.

“ಕರೀತೀವಿ ಅಕ್ಕ,” ಎಂದ.

ಫೋನಿಟ್ಟ ಮೇಲೆ ಮಗಳು ನಕ್ಕಳು. ಚೆನ್ನಾದ ನಗೆಯಲ್ಲ ಅದು. “ಅಪ್ಪ, ಊಟಕ್ಕೆ ಕರಿ ಮತ್ತೆ. ಪಾಪ, ಯಾವ ಬೀದಿಯಲ್ಲಿದ್ದಾನೋ.”

“ಅವ್ರಿಗೆ ಬೇಜಾರಾಗ್ಬಾರ್ದು ಅಂತ...” ಎಂದು ಒಬ್ಬಂಟಿ ಶುರುಮಾಡಿದ.

“ಬಾಡಿಗೆ ದುಡ್ಡು ಏನು ಮಾಡ್ದೆ?” ತಾಯಿ ಕೇಳಿದಳು.

“ಲೈಟು, ಮೈಕು... ಅದೆಲ್ಲ ಬಂಡವಾಳ ಅತ್ತೆ. ನಿಮಗೆ ಅರ್ಥ ಆಗಲ್ಲ.”

“ಅರ್ಥ ಆಗ್ತಾ ಇದೆ,” ಎಂದು ತಾಯಿ ಪಲ್ಯದ ಬಟ್ಟಲನ್ನು ಅವನ ಮುಂದಿನಿಂದ ಎತ್ತಿ ಗಂಡನ ಮುಂದಿಟ್ಟಳು. ಡ್ರೈವರ್ ಅದನ್ನು ಮುಟ್ಟಲಿಲ್ಲ. ಅಕ್ಕನ ಮಗನಿಗೆ ಹೋಗು ಅನ್ನಲು ಅವನ ನಾಲಿಗೆ ಏಳುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬಂಟಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ಪರೀಕ್ಷೆಗೆ ಒಂದು ತಲೆಯನ್ನು ಅಭ್ಯರ್ಥಿಯೇ ತರಬೇಕು: ಉದ್ದ ಕೂದಲಿನ, ಕತ್ತರಿ ಮುಟ್ಟದ ಬೊಂಬೆ ತಲೆ, ಇಲ್ಲವೇ ಒಪ್ಪಿದ ಮನುಷ್ಯರು ಬಂದು ಕೂರಬೇಕು. ತಾಯಿ ಕೆಲವು ಭಾನುವಾರ ಲಾಂಡ್ರಿಯಲ್ಲಿ ಹೆಚ್ಚು ದುಡಿದು ಆ ತಲೆ ತರಿಸಿಕೊಟ್ಟಿದ್ದಳು. ಅಸಲಿ ಕೂದಲು, ಸೊಂಟದವರೆಗೆ. ಮಗಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನ ಮೇಲೆ ಎತ್ತಿಟ್ಟಿದ್ದಳು. ಬೀರು ರೂಮಿನಲ್ಲಿತ್ತು.

ಪರೀಕ್ಷೆ ಹತ್ತಿರ ಬಂದ ವಾರ ಒಬ್ಬಂಟಿಗೆ ಹೊಸ ವಿಡಿಯೋ ಹೊಳೆಯಿತು: ಪರದೇಶದಲ್ಲಿ ಕ್ಷೌರಕ್ಕೆ ದುಡ್ಡು ಸಾಲದ ವಿದ್ಯಾರ್ಥಿ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುವುದು. ಒಮ್ಮೆಲೇ ಸ್ವಂತ ತಲೆಗೆ ಕೈ ಹಾಕಲು ಧೈರ್ಯ ಸಾಲಲಿಲ್ಲ. ಮೊದಲು ಬೇರೆ ತಲೆಯ ಮೇಲೆ ನೋಡೋಣವೆಂದುಕೊಂಡ. ಮಗಳು ಸಲೂನಿನಿಂದ ಬಂದಾಗ ಪರೀಕ್ಷೆಯ ತಲೆ ಮೇಜಿನ ಮೇಲಿತ್ತು, ಒಂದು ಕಡೆ ಕಿವಿಯ ಮೇಲೆ ಬೋಳು, ಇನ್ನೊಂದು ಕಡೆ ಇಲಿ ಕಡಿದ ಹಾಗೆ. ಅವಳ ಒಳ್ಳೆಯ ಕತ್ತರಿಯ ಬಾಯಿಗೆ ಪಾರ್ಸೆಲ್ ಟೇಪಿನ ಅಂಟು ಮೆತ್ತಿಕೊಂಡಿತ್ತು.

ಅವಳು ಕೂಗಾಡಲಿಲ್ಲ. ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದ್ರಲ್ಲಿ ಪೆಟ್ಟಿಗೆ ಕತ್ತರಿಸ್ದೆಯಾ?”

“ಸಿಕ್ಕಿದ್ದು ಅದೊಂದೇ. ಅದ್ಯಾಕೆ ಅಷ್ಟು... ಬೊಂಬೆ ತಾನೇ? ಬೇರೆ ತರಿಸೋಣ.”

“ಬರೋಕೆ ಮೂರು ವಾರ ಬೇಕು. ಪರೀಕ್ಷೆ ಮುಂದಿನ ವಾರ.”

“ಮುಂದಿನ ವರ್ಷ ಕೊಟ್ರೆ ಆಯ್ತಪ್ಪ. ಕ್ಷೌರದ ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೆ?”

ಬಾಗಿಲಲ್ಲಿ ನಿಂತಿದ್ದ ತಾಯಿ ಇದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಆ ದಿನದ ಅಕ್ಕಿಯನ್ನು ಅವಳು ಎಂದಿಗಿಂತ ಹೆಚ್ಚು ಸಲ ತೊಳೆದಳು.

ಅಷ್ಟರಲ್ಲಿ ಒಬ್ಬಂಟಿಗೆ ಅವನ ಸುಳ್ಳಿನದೇ ಫಲ ಬಂತು. ಅವನ ಅಪ್ಪನ ಗೆಳೆಯರೊಬ್ಬರ ಮಗ ಅದೇ ಕಾಲೇಜಿಗೆ ಸೇರಿದ್ದ; ಗುರುವಾರ ಬರುತ್ತಾನೆ, ರೂಮು ಸಿಗುವವರೆಗೆ ಇವನ ಮನೆಯಲ್ಲೇ ಇರುತ್ತಾನೆ ಎಂದು ಅಪ್ಪ ಮಾತು ಕೊಟ್ಟಾಗಿತ್ತು. “ಊರಿಂದ ಯಾರು ಬಂದ್ರೂ ನನ್ನ ಹಾಸಿಗೆ ಅವರದು, ನಾನು ನೆಲದ ಮೇಲೆ ಮಲಗ್ತೀನಿ,” ಎಂದು ಇವನೇ ಒಂದು ವಿಡಿಯೋದಲ್ಲಿ ಕಣ್ಣು ಒದ್ದೆ ಮಾಡಿಕೊಂಡು ಹೇಳಿದ್ದ.

ರಾತ್ರಿಯ ಊಟಕ್ಕೆ ಕೂತಾಗ ಅವನು ಮೆಲ್ಲಗೆ ತೆಗೆದ. “ಅತ್ತೆ, ಒಂದು ಸಹಾಯ. ಒಂದು ವಾರದ ಮಟ್ಟಿಗೆ ನೀವೆಲ್ಲ ಎಲ್ಲಾದ್ರೂ...”

“ಎಲ್ಲಾದ್ರೂ?” ಡ್ರೈವರ್ ತುತ್ತು ಕೆಳಗಿಟ್ಟ.

“ಬೇಡ, ಹೋಗೋದೇನೂ ಬೇಡ. ಇದು ನನ್ನ ಮನೆ, ಬಾಡಿಗೆ ಹೊರೆ ಅಂತ ಒಂದು ಫ್ಯಾಮಿಲಿನ ಜೊತೆಗೆ ಇಟ್ಕೊಂಡಿದೀನಿ ಅಂತ ಹೇಳ್ತೀನಿ. ನೀವು ಹೂಂ ಅಂದ್ರೆ ಸಾಕು.”

“ನಾನು ನಿನ್ನ ಬಾಡಿಗೆಯವನಾ?”

“ರೀ,” ಎಂದಳು ತಾಯಿ, “ನಿಮ್ಮ ಅಕ್ಕನಿಗೆ ನಿಜ ಹೇಳ್ತೀರಾ? ಹೇಳಿ, ಈಗಲೇ ಫೋನ್ ಹಚ್ಚಿಕೊಡ್ತೀನಿ.”

ಡ್ರೈವರ್ ತಟ್ಟೆಯಲ್ಲಿ ಗೆರೆ ಎಳೆದ.

“ಹೇಳಲ್ಲ ಅಲ್ವಾ? ಹಂಗಾದ್ರೆ ಸುಮ್ನಿರಿ.” ಅವಳು ಒಬ್ಬಂಟಿಯತ್ತ ತಿರುಗಿದಳು. “ಆಯ್ತಪ್ಪ, ನಿನ್ನದೇ ಮನೆ. ಆದ್ರೆ ವಿಡಿಯೋದಲ್ಲಿ ಏನೇನು ಮಾಡ್ತೀಯೋ ಅಷ್ಟನ್ನ ಮಾಡ್ಬೇಕು. ಜಾಸ್ತಿ ಏನೂ ಬೇಡ.”

ಅಜ್ಜಿಗೆ ಇದರಲ್ಲಿ ಕುಹಕವೇನೂ ಕಾಣಲಿಲ್ಲ. ಅವಳ ಮುಖ ಅರಳಿತು. “ನನಗೂ ಅದೇ ಆಸೆ ಕಣೋ ಕಂದ. ದಿನಾ ಫೋನಲ್ಲಿ ಅಷ್ಟು ಬಗೆ ಮಾಡ್ತೀಯ. ನನ್ನ ತಟ್ಟೆಗೆ ಒಂದು ದಿನ ಬಿದ್ದಿಲ್ಲ.”

ಗುರುವಾರ ಹೊಸಬ ಬಂದ. ಇಷ್ಟೆತ್ತರದ ಹುಡುಗ, ಮೂರು ಪೆಟ್ಟಿಗೆ. ಬಂದವನೇ ಒಬ್ಬಂಟಿಯ ಕಾಲಿಗೆ ಬೀಳುವುದೊಂದು ಬಾಕಿ. “ಅಣ್ಣಾ, ನಿಮ್ಮ ಎಲ್ಲಾ ವಿಡಿಯೋ ನೋಡಿದೀನಿ. ನಿಮ್ಮಿಂದಾನೇ ನನಗೆ ಧೈರ್ಯ ಬಂದಿದ್ದು,” ಎಂದು ನೇರವಾಗಿ ರೂಮಿಗೆ ಹೋಗಿ ಹಾಸಿಗೆಯ ಮೇಲೆ ಬಿದ್ದುಕೊಂಡ. “ನೀವು ನೆಲದ ಮೇಲೆ ಮಲಗ್ತೀರ ಅಲ್ವಾ ಅಣ್ಣಾ? ನನಗೆ ಪಕ್ಕದಲ್ಲಿ ಯಾರಾದ್ರೂ ಉಸಿರಾಡಿದ್ರೆ ನಿದ್ದೆ ಬರಲ್ಲ. ಹಾಲ್‌ನಲ್ಲಿ ಆಗುತ್ತಾ?”

ಒಬ್ಬಂಟಿ ಹಾಲಿಗೆ ಬಂದ. ಚಾಪೆ ಹಾಸಲು ಜಾಗವಿದ್ದುದು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ.

ಮರುದಿನದಿಂದ ಮನೆ ಅವನದಾಯಿತು. ತಾಯಿ ಕೆಲಸದಿಂದ ಬಂದು, ಬೂಟು ಬಿಚ್ಚಿ, ಮೇಜಿಗೆ ಕೂತಳು. ಈ ಮನೆಗೆ ಬಂದಂದಿನಿಂದ ಬರಿಗೈಯಲ್ಲಿ ಆ ಮೇಜಿಗೆ ಕೂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

“ಏನಪ್ಪಾ ಓನರ್, ಊಟಕ್ಕೆ ಏನು?” ಎಂದು ಮಗಳು ಕೇಳಿದಳು.

ಅಂದು ಸೀದ ಅನ್ನ. ಮಾರನೆಯ ದಿನ ಬೇಯದ ಅನ್ನ. ಬಚ್ಚಲಿನ ಬಕೆಟ್ಟಿನಲ್ಲಿ ಹೊಸಬನ ಅಂಗಿಗಳು ಬಂದು ಬಿದ್ದವು. “ಅಣ್ಣಾ, ನೀವು ಕಾಲರ್ ತಿಕ್ಕೋದು ನೋಡಿದೀನಿ. ನನಗೆ ಆ ಕೈ ಬರಲ್ಲ.” ಒಬ್ಬಂಟಿ ಮಾವನನ್ನು ಅಡುಗೆಮನೆಗೆ ಎಳೆದು, “ಅಂಕಲ್, ಸ್ವಲ್ಪ ಆಂಟಿಗೆ ಹೇಳಿ,” ಎಂದ, ಹೊಸಬನ ಭಯಕ್ಕೆ ಮಾವ ಎನ್ನುವುದೂ ಬಾಯಿಗೆ ಬರುತ್ತಿರಲಿಲ್ಲ. ಡ್ರೈವರಿಗೆ ಆ ‘ಅಂಕಲ್’ ಎಲ್ಲೋ ಚುಚ್ಚಿತು. ಅಕ್ಕನ ಹೆಸರಿಗೆ ಕರಗುವವನು ಅಂದು ಕರಗಲಿಲ್ಲ. “ನಾವು ಬಾಡಿಗೆಯವರು. ಮನೆ ವಿಚಾರದಲ್ಲಿ ತಲೆ ಹಾಕಲ್ಲ,” ಎಂದ.

ಭಾನುವಾರ ಒಬ್ಬಂಟಿ ಬೇಳೆ ಮಾಡಿದ. ಫೋನಿನ ಎದುರಿಗಲ್ಲ, ಬರಿಯ ಒಲೆಯ ಎದುರಿಗೆ. ಅಜ್ಜಿ ಮಡಚಿಟ್ಟ ಒಳ್ಳೆಯ ಸೀರೆ ಉಟ್ಟುಕೊಂಡು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಅವನು ಬಡಿಸಿದ. ಅಜ್ಜಿ ಕಲಸಿ, ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿದಳು. ಬೇಳೆ ಹಲ್ಲಿಗೆ ಕಟಕಟ ಎನ್ನುತ್ತಿತ್ತು. ಉಪ್ಪು ಈ ಸಲ ನಿಜವಾಗಿಯೂ ಜಾಸ್ತಿಯಾಗಿತ್ತು.

“ಅಣ್ಣಾ, ವಿಡಿಯೋದಲ್ಲಿ ಬಣ್ಣವೇ ಬೇರೆ ಇತ್ತಲ್ಲ,” ಎಂದ ಹೊಸಬ. ತಾಯಿಯತ್ತ ತಿರುಗಿದ. “ಆಂಟಿ, ನೀವೇನಾದ್ರೂ ಸ್ವಲ್ಪ...”

“ನಾವು ಬಾಡಿಗೆಯವರಪ್ಪ.”

ಅಜ್ಜಿ ತುತ್ತನ್ನು ಕೈಗೆ ಉಗುಳಿ ತಟ್ಟೆಯ ಅಂಚಿಗಿಟ್ಟಳು. “ಕಂದ, ಫೋನಲ್ಲಿ ದಿನಾ ಮಾಡ್ತಿದ್ದೆಯಲ್ಲ, ಅದನ್ನ ಮಾಡಿದ್ದು ಯಾರೋ?”

ಒಬ್ಬಂಟಿ ಸೌಟು ನೋಡಿದ. ಅಜ್ಜಿ ಸೊಸೆಯನ್ನು ನೋಡಿದಳು. ಸೊಸೆ ಅತ್ತೆಯ ತಟ್ಟೆ ತೆಗೆದು, ಅನ್ನವನ್ನು ಕಸದ ಡಬ್ಬಿಗೆ ಸುರಿದು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಂದುಕೊಟ್ಟಳು.

“ಉಪ್ಪು ಸರಿ ಇರ್ತಿತ್ತು ಕಣೇ, ಯಾವಾಗಲೂ,” ಎಂದಳು ಅಜ್ಜಿ ಬ್ರೆಡ್ಡು ಮುರಿಯುತ್ತಾ. “ತಿಂತಿದ್ದದ್ದು ನಿನ್ನ ಕೈದು, ಹೊಗಳ್ತಿದ್ದದ್ದು ಅವನನ್ನ.”

ಮಂಗಳವಾರ ಒಬ್ಬಂಟಿ ತಾನಾಗಿಯೇ ಹಾಸ್ಟೆಲಿಗೆ ಹೋಗಿ ರೂಮು ಕೇಳಿಕೊಂಡು ಬಂದ. ಉಳಿದಿದ್ದುದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮಿಷನ್ನುಗಳ ಪಕ್ಕದ್ದು. ಯಾರೂ ಅವನಿಗೆ ಹೋಗು ಎಂದಿರಲಿಲ್ಲ. ಹೊಸಬ ತನಗೆ ಸಿಕ್ಕ ಬೇರೆ ಹಾಸ್ಟೆಲಿಗೆ ಆಗಲೇ ಹೊರಟಿದ್ದ. ಹೋಗುವಾಗ ಒಬ್ಬಂಟಿಗೆ ಕೈ ಮುಗಿಯದೆ, ತಾಯಿಗೆ ಮುಗಿದು ಹೋದ. ಒಗೆದ ಅಂಗಿಗಳನ್ನು ಮಾತ್ರ ಮರೆಯದೆ ಎತ್ತಿಕೊಂಡಿದ್ದ. ಅವನೂ ಅಂಥ ಮಹಾತ್ಮನೇನಲ್ಲ.

ಒಬ್ಬಂಟಿ ಹೊರಡುವ ಮೊದಲು ಕನ್ನಡಿಯ ಮುಂದೆ ನಿಂತು ಕೊನೆಯ ವಿಡಿಯೋ ಮಾಡಿಕೊಂಡ. “ದೊಡ್ಡ ಮನೆ, ಸುಖ, ಯಾವುದೂ ಬೇಡ ಅನ್ನಿಸ್ತು ಗೆಳೆಯರೇ. ಈ ಮನೆಯನ್ನ ಒಂದು ಬಡ ಫ್ಯಾಮಿಲಿಗೆ ಬಿಟ್ಟುಕೊಡ್ತಾ ಇದೀನಿ. ಪಾಪ, ಅವರಿಗೂ ಯಾರಿದ್ದಾರೆ?”

ಬಡ ಫ್ಯಾಮಿಲಿ ಹೊರಗೆ ನಿಂತು ಕಾಯುತ್ತಿತ್ತು. ಮಗಳ ಕಂಕುಳಲ್ಲಿ ಬೊಂಬೆ ತಲೆ, ತಾಯಿಯ ಕೈಯಲ್ಲಿ ಪೊರಕೆ.

ರೂಮು ಗುಡಿಸಿ, ಮೇಜು ಒರೆಸಿ, ಕನ್ನಡಿಗೆ ಅಂಟಿದ್ದ ಸ್ಟಿಕ್ಕರುಗಳನ್ನು ಉಗುರಿನಿಂದ ಕೆರೆದು ತೆಗೆದ ಮೇಲೆ ಮಗಳು ಮೇಜಿನ ಮುಂದೆ ಸುಮ್ಮನೆ ಕೂತಳು. ಕನ್ನಡಿ ಬಂದಿತ್ತು, ಪರೀಕ್ಷೆಗೆ ತಲೆ ಇರಲಿಲ್ಲ. ಸಲೂನಿನ ಮೇಡಂ, ಕೂರುವವರು ಯಾರೂ ಸಿಗದಿದ್ದರೆ ಹೆಸರು ವಾಪಸ್ ತಗೋ ಎಂದಿದ್ದಳು. ತಾಯಿಯ ಕೂದಲು ಲಾಂಡ್ರಿಯ ಹಬೆಗೆ ಉದುರಿ ಹೆಗಲಿಗೂ ಇಳಿಯುತ್ತಿರಲಿಲ್ಲ.

ಅಜ್ಜಿ ಒಳಗೆ ಬಂದು, ಮೊಮ್ಮಗಳನ್ನು ಕುರ್ಚಿಯಿಂದ ಎಬ್ಬಿಸಿ, ತಾನು ಕೂತಳು. ಜಡೆಯನ್ನು ಎದೆಯ ಮುಂದಕ್ಕೆ ಎಳೆದುಕೊಂಡು ತುದಿಯ ದಾರ ಬಿಚ್ಚಿದಳು.

“ಎಷ್ಟು ಬೇಕಂತೆ ಅವರಿಗೆ?”

“ಅಜ್ಜಿ, ಬಾಚೋದಲ್ಲ. ಕತ್ತರಿಸ್ಬೇಕು.”

“ಗೊತ್ತು. ಎಷ್ಟು?”

“ಕುತ್ತಿಗೆ ತನಕ.”

ಅಜ್ಜಿ ಕನ್ನಡಿಯಲ್ಲಿ ಸ್ವಲ್ಪ ಹೊತ್ತು ನೋಡಿಕೊಂಡಳು. “ನಿನ್ನ ಕತ್ತರಿ ಅಂಟು ಬಿಟ್ಟಿದೆಯಾ?”

“ಸಾಣೆ ಹಿಡಿಸ್ಕೊಂಡು ಬಂದೆ.”

“ಹಂಗಾದ್ರೆ ಸರಿ. ಸೊಟ್ಟ ಮಾಡಿದ್ರೆ ನೋಡು, ಮನೆಗೆ ಸೇರಿಸಲ್ಲ.”

ಎರಡು ದಿನ ಆ ಕನ್ನಡಿಯ ಮುಂದೆ ಭಾಗ ಮಾಡುವುದು, ಕ್ಲಿಪ್ಪು ಹಾಕುವುದು, ಬೆರಳಿನ ಮಧ್ಯೆ ಹಿಡಿಯುವುದು ನಡೆಯಿತು, ಕತ್ತರಿಯೊಂದನ್ನು ಬಿಟ್ಟು. ಪರೀಕ್ಷೆಯ ದಿನ ಡ್ರೈವರ್ ರಜೆ ಹಾಕಿ ಅಜ್ಜಿಯನ್ನೂ ಮಗಳನ್ನೂ ಕರೆದುಕೊಂಡು ಹೋದ. ಸಾಲುಗಟ್ಟಲೆ ಬೊಂಬೆ ತಲೆಗಳ ನಡುವೆ ಜೀವವಿರುವ ತಲೆ ಅದೊಂದೇ. ಜಡೆಗೆ ಮೊದಲ ಸಲ ಕತ್ತರಿ ಬಿದ್ದಾಗ ಅಜ್ಜಿ ಕಣ್ಣು ಮುಚ್ಚಿಕೊಂಡಳು. ಪರೀಕ್ಷಕಿ ಹತ್ತಿರ ಬಂದು ಬಾಗಿ ಅಂಚು ನೋಡುವಾಗ ತೆರೆದು, “ಚೆನ್ನಾಗಿ ನೋಡಮ್ಮ, ಅವಸರ ಇಲ್ಲ,” ಎಂದು ಕನ್ನಡದಲ್ಲೇ ಹೇಳಿದಳು. ಪರೀಕ್ಷಕಿಗೆ ಅರ್ಥವಾಗಲಿಲ್ಲ. ಆದರೂ ಇನ್ನೊಮ್ಮೆ ನೋಡಿದಳು.

ಮಗಳಿಗೆ ಕುರ್ಚಿ ಸಿಕ್ಕಿತು.

ಮುಂದಿನ ಭಾನುವಾರ ಊಟದ ಹೊತ್ತಿಗೆ ಊರಿನಿಂದ ಫೋನು ಬಂತು. ಡ್ರೈವರ್ ಸ್ಪೀಕರಿಗೆ ಹಾಕಿದ.

“ಅಲ್ವೋ, ನನ್ನ ಮಗ ಮನೆ ಬಿಟ್ಟು ಹಾಸ್ಟೆಲಿಗೆ ಹೋಗಿದ್ದಾನಂತೆ. ನೆಲಮಾಳಿಗೆಯಂತೆ. ಮಾವ ಅನ್ನೋನು ಒಂದೇ ಊರಲ್ಲಿ ಇದ್ದು, ಒಂದು ದಿನ ಆದ್ರೂ ಊಟಕ್ಕೆ ಕರೆದ್ರಾ?”

ಡ್ರೈವರ್ ಬಾಯಿ ತೆರೆದ. ಅವನು ಏನು ಹೇಳುತ್ತಿದ್ದನೋ ಗೊತ್ತಾಗಲಿಲ್ಲ. ಅಜ್ಜಿ ಕೈ ಚಾಚಿ ಫೋನು ತೆಗೆದುಕೊಂಡಳು. ಕುತ್ತಿಗೆಯ ಮೇಲಿನ ಗಿಡ್ಡ ಕೂದಲನ್ನು ಒಮ್ಮೆ ಸವರಿಕೊಂಡು ಊರಿನಲ್ಲಿದ್ದ ತನ್ನ ಮಗಳಿಗೆ ಹೇಳಿದಳು:

“ಅವನೇ ಕರೆದಿದ್ದ ಕಣೇ, ನಮ್ಮನ್ನ. ತಿಂದ್ವಿ. ಸಾಕು.”

ಫೋನು ಇಟ್ಟು, ಬೇಳೆಯ ಪಾತ್ರೆಯನ್ನು ತನ್ನತ್ತ ಎಳೆದುಕೊಂಡಳು.